ನಾಲ್ಕು ಮನೆಗೊಂದು ಫ್ರೀಕ್ವೆನ್ಸಿ

ಲಾಯಿಲದ ಗಾಳಿಗೆ ಒಂದು ಶಿಸ್ತು ತಂದೇ ತರುತ್ತೇನೆ ಎಂದು ನಾನು ಶಪಥ ಮಾಡಿದ್ದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು. ಕತ್ತಿ ಹಿಡಿದು ಶಪಥ ಮಾಡಿದವರು ರಾಜ್ಯಗಳನ್ನೇ ಕಟ್ಟಿದ್ದಾರಂತೆ. ನಾನು ಏನು ಕಟ್ಟಿದೆ, ಏನು ಕೆಡವಿದೆ ಎನ್ನುವುದನ್ನು ಓದಿ ನೀವೇ ತೀರ್ಮಾನಿಸಿ. ನಗು ಬಂದರೆ ತಡೆಯಬೇಡಿ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

“ಗಾಳಿಗಾ?” ಎಂದಳು ಶಶಿಪ್ರಭಾ, ಅಲಸಂಡೆ ಮುರಿಯುತ್ತಾ. “ಮಾತು ಹೋಗುವುದು ಕರೆಂಟಿನ ವಯರಿನಲ್ಲಿ ಅಂತ ನೀವೇ ಹೇಳಿದ್ದಲ್ವಾ?”

“ಹೇಳಿದ್ದೇನೆ. ಆದ್ರೆ ಶಪಥ ಮಾಡುವಾಗ ವಯರು ಅಂದ್ರೆ ಒಂದು ಗಾಂಭೀರ್ಯ ಇರುವುದಿಲ್ಲ.”

“ಗಾಂಭೀರ್ಯ ಇಲ್ಲದಿದ್ರೂ ಅಡ್ಡಿಯಿಲ್ಲ. ಫ್ಯೂಸ್ ಹೋಗದಿದ್ರೆ ಸಾಕು.”

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ಬೆಳ್ತಂಗಡಿಗೆ ತಾಗಿಕೊಂಡಿರುವ ಲಾಯಿಲದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ರಸ್ತೆಗೆ ಮುಖ ಮಾಡಿ ಸ್ಟುಡಿಯೋ, ಹಿಂದೆ ಮನೆ, ಇವೆರಡರ ನಡುವೆ ಕಿಟಕಿಯೇ ಇಲ್ಲದ ಡಾರ್ಕ್ ರೂಮು. ಫಿಲ್ಮು ತೊಳೆಯುವಾಗ ಒಳಗೆ ಕಗ್ಗತ್ತಲೆ ಬೇಕು. ಬಾಗಿಲು ಎರಡು ಬೆರಳು ತೆರೆದರೂ ಫಿಲ್ಮು ಸತ್ತಿತು. ಶಶಿಪ್ರಭಾ ಊಟಕ್ಕೆ ಕರೆಯಲು ಬಾಗಿಲು ತಟ್ಟುತ್ತಾಳೆ, ನನಗೆ ಕೇಳುವುದಿಲ್ಲ, ತೆರೆದೇಬಿಡುತ್ತಾಳೆ. ಹೀಗೆ ಒಂದು ಸಲ ಮೂಡುಬಿದಿರೆಯ ಒಂದು ಮದುವೆ ಪ್ರಿಂಟಿನಲ್ಲಿ ಪೂರ್ತಿ ಬೆಳ್ಳಗಾಗಿ ಹೋಯಿತು. ಹುಡುಗಿಯ ಮಾವ ಆಲ್ಬಂ ನೋಡಿ, “ಇದು ಮದುವೆಯಾ, ಮಂಜು ಬಿದ್ದದ್ದಾ?” ಎಂದು ಕೇಳಿದ್ದು ನನಗೆ ಈಗಲೂ ಮರೆತಿಲ್ಲ.

ಈ ಸಂಕಟಕ್ಕೆ ಮದ್ದು ಸಮುದ್ರದ ಆಚೆಯಿಂದ ಬಂತು. ಪಕ್ಕದ ಮನೆಯ ಅಬ್ದುಲ್ ಸಲಾಂ ಅರಬ್ ದೇಶದ ದಮಾಮಿನಲ್ಲಿ ಕೆಲಸದಲ್ಲಿದ್ದವರು. ರಜೆಗೆ ಬರುವಾಗ ನಾಲ್ಕು ಜೋಡಿ ವೈರ್‌ಲೆಸ್ ಇಂಟರ್‌ಕಾಮ್ ತಂದು, ಒಂದು ಜೋಡಿ ತಮಗಿಟ್ಟುಕೊಂಡು ಉಳಿದವನ್ನು ಅಕ್ಕಪಕ್ಕದ ಮೂರು ಮನೆಗೆ ಉಡುಗೊರೆ ಕೊಟ್ಟರು. ಎಂಥ ಮನುಷ್ಯ ನೋಡಿ! ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಡಾರ್ಕ್ ರೂಮಿಗೆ, ಇನ್ನೊಂದು ಅಡುಗೆಮನೆಗೆ. ನಾರಾಯಣಮೂರ್ತಿ ಮಾಸ್ಟ್ರು ಟ್ಯೂಷನ್ ಕೊಡುವುದು ಮಾಳಿಗೆಯಲ್ಲಿ, ಅವರ ಹೆಂಡತಿ ಸುಬ್ಬಮ್ಮ ಇರುವುದು ಕೆಳಗೆ. ಅಲ್ಲಿಗೊಂದು, ಇಲ್ಲಿಗೊಂದು. ಅಣ್ಣುವಿನ ಹಿಟ್ಟಿನ ಮಿಲ್ಲಿನಲ್ಲೊಂದು, ಅವನ ಹೆಂಡತಿ ಕುಸುಮಳ ಬಳಿ ಇನ್ನೊಂದು. ಸಲಾಂ ಮನೆಯಲ್ಲಿ ಚಾವಡಿಗೊಂದು, ಅಡುಗೆಮನೆಗೊಂದು.

ಹೆಸರೇನೋ ವೈರ್‌ಲೆಸ್. ಆದರೆ ಪ್ಲಗ್ಗಿಗೆ ಹಾಕದಿದ್ದರೆ ಉಸಿರೆತ್ತುವುದಿಲ್ಲ. ಮಾತು ಮನೆಯ ಕರೆಂಟಿನ ಲೈನಿನಲ್ಲೇ ಓಡುತ್ತದೆ. ನಮ್ಮ ನಾಲ್ಕೂ ಮನೆಗೆ ಕರೆಂಟು ಬರುವುದು ರಸ್ತೆ ಬದಿಯ ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಹಾಗಾಗಿ ಒಂದು ಮನೆಯ ಮಾತು ಇನ್ನೊಂದು ಮನೆಗೆ ಸಲೀಸಾಗಿ ಹೋಗುತ್ತದೆ. ಹಾಗೆ ಆಗದಿರಲಿ ಎಂದೇ ಪೆಟ್ಟಿಗೆಯ ಮೇಲೆ ಎ, ಬಿ, ಸಿ ಎಂದು ಮೂರು ಗುಂಡಿಗಳು. ಒಂದೊಂದು ಗುಂಡಿಗೆ ಒಂದೊಂದು ಫ್ರೀಕ್ವೆನ್ಸಿ. ಎ ಒತ್ತಿದವರ ಮಾತು ಎ ಒತ್ತಿದವರಿಗೆ ಮಾತ್ರ.

ಮನೆ ನಾಲ್ಕು, ಫ್ರೀಕ್ವೆನ್ಸಿ ಮೂರು. ನನ್ನ ಶಪಥ ಹುಟ್ಟಿದ್ದು ಇಲ್ಲಿ!

“ಎ ಸಲಾಂ ಇಟ್ಟುಕೊಳ್ಳಲಿ, ಬಿ ಮಾಸ್ಟ್ರಿಗೆ, ಸಿ ನಿನಗೆ,” ಎಂದು ಅಣ್ಣುವಿಗೆ ಹೇಳಿದೆ.

“ಹಾಗಾದ್ರೆ ನಿಮಗೆ?”

“ನನಗೆ ಡಿ.”

ಅಣ್ಣು ಪೆಟ್ಟಿಗೆಯನ್ನು ಅಡಿಮೇಲು ಮಾಡಿ ನೋಡಿದ. “ಡಿ ಇಲ್ವಲ್ಲ ಶೆಟ್ರೇ ಇದರಲ್ಲಿ.”

“ಇಲ್ಲದ್ದನ್ನು ಮಾಡುವವನಿಗೇ ಸಯನ್ಸ್ ಗೊತ್ತುಂಟು ಅನ್ನುವುದು ಮಾರಾಯ!”

ಪಿಯುಸಿಯಲ್ಲಿ ನಾನು ವಿಜ್ಞಾನದ ವಿದ್ಯಾರ್ಥಿ. ಪಾಸಾಗಿದ್ದೆ ಎಂದು ನಾನು ಹೇಳಿಲ್ಲ, ಗಮನಿಸಿ. ಪೆಟ್ಟಿಗೆಯ ಬೆನ್ನು ಬಿಚ್ಚಿದರೆ ಒಳಗೆ ಸಾಲಾಗಿ ಪುಟ್ಟ ಪುಟ್ಟ ತಗಡಿನ ಗೂಡು, ಒಂದೊಂದರ ತಲೆಯ ಮೇಲೂ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಲು ಒಂದು ಗೀಟು. ಆ ಗೀಟು ನೋಡಿದ್ದೇ ತಡ, ನನ್ನ ಕೈ ತುರಿಸತೊಡಗಿತು. ನಮ್ಮದನ್ನು ಅರ್ಧ ಸುತ್ತು ತಿರುಗಿಸಿದೆ. ನಮ್ಮದು ಸರಿದ ಮೇಲೆ ಅವರವರದ್ದೂ ತುಸು ಅತ್ತಿತ್ತ ಸರಿಯಬೇಕಲ್ಲ, ನ್ಯಾಯವೆಂದರೆ ನ್ಯಾಯ! ಒಂದು ಭಾನುವಾರ ಮಧ್ಯಾಹ್ನ ನಾಲ್ಕೂ ಮನೆಗೆ ಹೋಗಿ, ಎಂಟೂ ಪೆಟ್ಟಿಗೆಗಳ ಬೆನ್ನು ಬಿಚ್ಚಿ ಕಿವಿ ಹಿಂಡಿ ಬಂದೆ. ಪ್ರತಿ ಮನೆಯಲ್ಲೂ “ಹಲೋ ಹಲೋ” ಎಂದು ಪರೀಕ್ಷೆ ಮಾಡಿದೆ. ಸ್ಪಷ್ಟವಾಗಿ ಕೇಳಿತು. ಎಷ್ಟು ಸ್ಪಷ್ಟವೆಂದರೆ ನಾಲ್ಕೂ ಮನೆಗೆ ಕೇಳಿತ್ತು! ಆದರೆ ಊಟ ಮುಗಿಸಿ ಮಲಗುವ ಹೊತ್ತು ನೋಡಿ, ಉಳಿದ ಮನೆಯವರು ಗೊರಕೆಯಲ್ಲಿದ್ದರು. ಕೇಳಿದೆ ಎಂದು ಹೇಳಲಿಕ್ಕೆ ಎಚ್ಚರ ಇದ್ದವರು ಯಾರೂ ಇರಲಿಲ್ಲ.

ನಾನು ಯಾವ ಗೀಟನ್ನು ಎಷ್ಟು ತಿರುಗಿಸಿದೆನೋ ಆ ದೇವರಿಗೇ ಗೊತ್ತು. ಎ, ಬಿ, ಸಿ ಎಲ್ಲ ಕರಗಿ ನಾಲ್ಕೂ ಮನೆಗೆ ಒಂದೇ ಫ್ರೀಕ್ವೆನ್ಸಿ ಆಗಿತ್ತು.

ಇಲ್ಲಿ ನಮ್ಮ ಕಡೆಯ ಎರಡು ಪದ್ಧತಿಗಳನ್ನು ಹೇಳಬೇಕು. ಮೊದಲನೆಯದು, ಇಲ್ಲಿ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. “ಕೇಳಿತಾ?” ಎಂದರೆ ಅದೇ ಗಂಡನ ಹೆಸರು. ಎರಡನೆಯದು ಇನ್ನೂ ಚೆಂದ. ನಮ್ಮ ಮನೆಯಲ್ಲೂ ಅಣ್ಣುವಿನ ಮನೆಯಲ್ಲೂ ಮಾತು ತುಳುವಿನಲ್ಲಿ, ಸಲಾಂ ಮನೆಯಲ್ಲಿ ಬ್ಯಾರಿ ಭಾಷೆಯಲ್ಲಿ, ಮಾಸ್ಟ್ರ ಮನೆಯಲ್ಲಿ ಹವ್ಯಕರ ಕನ್ನಡದಲ್ಲಿ. ಆದರೆ ಯಂತ್ರದ ಎದುರು ನಿಂತರೆ ಸಾಕು, ಎಲ್ಲರಿಗೂ ಶಾಲೆಯ ಕನ್ನಡ ಬಂದುಬಿಡುತ್ತದೆ! ಯಂತ್ರವೆಂದರೆ ಆಫೀಸು, ಆಫೀಸೆಂದರೆ ಪುಸ್ತಕದ ಕನ್ನಡ. ಗೇಟಿನ ಹತ್ತಿರ “ನುಪ್ಪು ಆತ್ಂಡ್” ಎಂದು ಕೂಗುತ್ತಿದ್ದ ನನ್ನ ಹೆಂಡತಿ ಗುಂಡಿ ಒತ್ತಿದ ಕೂಡಲೇ, “ಕೇಳಿತಾ? ಊಟ ಸಿದ್ಧವಾಗಿದೆ, ಬರಬೇಕು,” ಎನ್ನುತ್ತಿದ್ದಳು. ಅದರ ಮೇಲೆ ಆ ಪೆಟ್ಟಿಗೆಯಲ್ಲಿ ಯಾರ ಸ್ವರವೂ ಶೀತವಾದವರ ಸ್ವರದ ಹಾಗೇ ಬರುತ್ತಿತ್ತು. ನಾಲ್ಕು ಹೆಂಡತಿಯರು, ಒಂದೇ ಭಾಷೆ, ಒಂದೇ ಮೂಗು, ಹೆಸರಿಲ್ಲದ ನಾಲ್ಕು ಗಂಡಂದಿರು. ಮುಂದೆ ಆಗಬೇಕಾದ್ದು ಆಯಿತು.

ಮರುದಿನ ಸೋಮವಾರ. ಸಲಾಂ ರಜೆ ಮುಗಿದು, ಸಂಜೆಯ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಅಲ್ಲಿಂದ ಬೊಂಬಾಯಿ ಬಸ್ಸು ಹಿಡಿಯುವವರಿದ್ದರು. ಬೆಳಿಗ್ಗೆ ಟೆಲಿಗ್ರಾಂ ಬಂತು. ಹೆಂಡತಿ ಮಗುವನ್ನು ಕರೆದುಕೊಂಡು ಹೋಗಲು ಕಂಪೆನಿ ಒಪ್ಪಿದೆ, ಇಬ್ಬರೂ ಒಟ್ಟಿಗಿರುವ ಪಾಸ್‌ಪೋರ್ಟಿನ ಫೋಟೋ ತಕ್ಷಣ ಬೊಂಬಾಯಿಯ ಏಜೆಂಟನ ಕೈಗೆ ತಲುಪಬೇಕು! ಸಲಾಂ ಟೆಲಿಗ್ರಾಂ ಹಿಡಿದುಕೊಂಡೇ ಓಡಿಬಂದರು. ಮದುವೆಯಾದ ಮೇಲೆ ಸೈನಬ ಗಂಡನ ಮುಖ ನೋಡಿದ್ದು ರಜೆಯಲ್ಲಿ ಮಾತ್ರ. ಎಂಟು ತಿಂಗಳ ರವೂಫ್ ಅಪ್ಪನನ್ನು ಮೊದಲು ಕಂಡದ್ದೇ ಈ ರಜೆಯಲ್ಲಿ.

“ಈ ಫೋಟೋ ಇವತ್ತು ನನ್ನ ಕೈಯಲ್ಲಿ ಇಲ್ಲದಿದ್ರೆ ಇನ್ನೆರಡು ವರ್ಷ ಹೀಗೇ, ಶೆಟ್ರೇ.”

“ಸಲಾಂ, ನೀವು ಪೆಟ್ಟಿಗೆ ಕಟ್ಟಿ. ಫೋಟೋ ನನಗೆ ಬಿಡಿ!”

ಪಾಸ್‌ಪೋರ್ಟಿನ ಫೋಟೋಕ್ಕೆ ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮುಖ ನೆಟ್ಟಗಿರಬೇಕು. ರವೂಫನಲ್ಲಿ ಈ ಮೂರೂ ಒಟ್ಟಿಗೆ ಎಂದೂ ಇದ್ದದ್ದಿಲ್ಲ. ಕಣ್ಣು ತೆರೆದರೆ ಬಾಯಿಯೂ ತೆರೆಯುತ್ತದೆ. ಸೈನಬ ಮಡಿಲಲ್ಲಿ ಕೂರಿಸಿಕೊಂಡು, ಸುಬ್ಬಮ್ಮ ಗಿಲಕಿ ಆಡಿಸಿ, ಕುಸುಮ ಚಪ್ಪಾಳೆ ತಟ್ಟಿ, ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಬೆಕ್ಕಿನ ಹಾಗೆ ಕೂಗಿ ಕೂಗಿ, ಗಂಟಲು ಬತ್ತುವ ಹೊತ್ತಿಗೆ ಒಂದೇ ಒಂದು ಫೋಟೋ ಸಿಕ್ಕಿತು. ಆ ಫಿಲ್ಮನ್ನು ಜೀವದ ಹಾಗೆ ಹಿಡಿದುಕೊಂಡು ಡಾರ್ಕ್ ರೂಮಿಗೆ ಹೋದೆ. ಹೆಂಗಸರೆಲ್ಲ ಅವರವರ ಮನೆಗೆ ಹೋದರು.

ಕಗ್ಗತ್ತಲೆ. ಇಂಟರ್‌ಕಾಮಿನ ಪುಟ್ಟ ದೀಪಕ್ಕೂ ಪ್ಲಾಸ್ಟರ್ ಅಂಟಿಸಿದ್ದೇನೆ. ಟ್ರೇಯಲ್ಲಿ ಫಿಲ್ಮು ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ ಮಾಡುತ್ತಿದ್ದೇನೆ. ಆಗ ಪೆಟ್ಟಿಗೆ ಮಾತಾಡಿತು.

“ಕೇಳಿತಾ? ಅಡುಗೆಮನೆಗೆ ಒಂದು ಹಾವು ಬಂದಿರುತ್ತದೆ. ದಯವಿಟ್ಟು ಕೂಡಲೇ ಬರಬೇಕು!”

ನನ್ನ ಹೆಂಡತಿ! ಹಾವು! ಫಿಲ್ಮು, ಫ್ರೀಕ್ವೆನ್ಸಿ, ದಮಾಮು ಎಲ್ಲ ತಲೆಯಿಂದ ಹಾರಿಹೋಯಿತು. ಬಾಗಿಲನ್ನು ದಡಾರನೆ ತೆರೆದು, ಕ್ಯಾಮೆರಾದ ಸ್ಟ್ಯಾಂಡನ್ನೇ ದೊಣ್ಣೆಯಾಗಿ ಹಿಡಿದು ಅಡುಗೆಮನೆಗೆ ನುಗ್ಗಿದೆ. ಮೂಲೆಯಲ್ಲಿ ಏನೋ ಕಪ್ಪಗೆ ಸುತ್ತಿಕೊಂಡಿತ್ತು. ಬಾರಿಸಿದೆ! ಅದು ಚೆಂಬಿನ ಕೆಳಗೆ ಇಡುವ ಹಗ್ಗದ ಸಿಂಬಿ. ಅದರ ಮೇಲಿದ್ದ ಚೆಂಬು ಉರುಳಿ, ಪಕ್ಕದ ಮಾವಿನ ಮಿಡಿಯ ಭರಣಿಗೆ ತಾಗಿ, ಭರಣಿ ಎರಡು ಹೋಳಾಯಿತು.

ಶಶಿಪ್ರಭಾ ತೆಂಗಿನಕಾಯಿ ತುರಿಯುತ್ತಿದ್ದವಳು ತಲೆಯೆತ್ತಿದಳು.

“ಎಂತ ಆಯ್ತು ನಿಮಗೆ?”

“ಹಾವೆಲ್ಲಿ?”

“ಯಾವ ಹಾವು?”

“ನೀನೇ ಕರೆದದ್ದಲ್ವಾ?”

“ನಾನಾ? ನಾನು ಬೆಳಿಗ್ಗೆಯಿಂದ ಆ ಪೆಟ್ಟಿಗೆ ಮುಟ್ಟಲೇ ಇಲ್ಲ!”

ಅಷ್ಟರಲ್ಲಿ ಪೆಟ್ಟಿಗೆಯಿಂದ ಒಂದು ಕಿರುಚಾಟ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಅಣ್ಣು ಮಿಲ್ಲಿನಿಂದ ಕತ್ತಿ ಹಿಡಿದು ತನ್ನ ಮನೆಯ ಅಡುಗೆಮನೆಗೆ ನುಗ್ಗಿದ್ದ. ಬೆಳ್ಳನೆಯ ಆ ಆಕೃತಿ ಕಂಡು ಕುಸುಮ ಕಿರುಚಿದ್ದು. ಸಲಾಂ ಕಟ್ಟುತ್ತಿದ್ದ ಪೆಟ್ಟಿಗೆ ಬಿಟ್ಟು ತಮ್ಮ ಅಡುಗೆಮನೆಯ ಕಟ್ಟಿಗೆ ರಾಶಿಯನ್ನೆಲ್ಲ ಕೆಡವಿದ್ದರು. ಹಾವು ಬಂದದ್ದು ಸುಬ್ಬಮ್ಮನ ಮನೆಗೆ. ಬಡಪಾಯಿ ಕೇರೆ ಹಾವು, ಸುಬ್ಬಮ್ಮನ ಗ್ರಾಂಥಿಕ ಕನ್ನಡ ಕೇಳಿಯೋ ಏನೋ, ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಮೂರು ಮನೆಯ ಗಂಡಸರು ಮೂರು ಅಡುಗೆಮನೆ ಪುಡಿ ಮಾಡಿದರು. ಹಾವು ಬಂದ ಮನೆಯ ಗಂಡಸು ಮಾತ್ರ ಬರಲಿಲ್ಲ! ಮಾಸ್ಟ್ರು ಪಾಠಕ್ಕೆ ತೊಂದರೆ ಎಂದು ಮಾಳಿಗೆಯ ಪೆಟ್ಟಿಗೆ ಆಫ್ ಮಾಡಿಟ್ಟಿದ್ದರು.

ನಾನು ನಕ್ಕೆ. ಶಶಿಪ್ರಭಾ ನಗಲಿಲ್ಲ.

“ಬಾಗಿಲು ತೆರೆದು ಬಂದ್ರಾ?” ಎಂದು ಮೆಲ್ಲನೆ ಕೇಳಿದಳು.

ಸ್ಟ್ಯಾಂಡನ್ನು ಅಲ್ಲೇ ಬಿಟ್ಟೆ. ಓಡಿದೆ. ಟ್ರೇಯಲ್ಲಿ ಫಿಲ್ಮು ಬೆಳಕು ತಾಗಿ ಇದ್ದಿಲಿನಷ್ಟು ಕಪ್ಪಗಾಗಿ ಮಲಗಿತ್ತು. ಹಿಂದೆಯೇ ಸಲಾಂ ಬಂದರು. ಅವರ ಕೈಯಲ್ಲಿ ಇನ್ನೂ ಕಟ್ಟಿಗೆಯ ತುಂಡು. ಅವರು ಫಿಲ್ಮನ್ನೂ ನೋಡಿದರು, ನನ್ನನ್ನೂ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಟ್ಟಿಗೆಯ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಆ ದಿನ ನಾಚಿದಷ್ಟು ಬೇರೆಂದೂ ನಾಚಿದ್ದಿಲ್ಲ.

“ಎಲ್ಲ ನನ್ನ ಸ್ಕ್ರೂಡ್ರೈವರಿನ ಕರ್ಮ, ಸಲಾಂ. ನಾಲ್ಕೂ ಮನೆ ಒಂದೇ ಫ್ರೀಕ್ವೆನ್ಸಿ ಆಗಿಹೋಗಿದೆ. ಈಗ ಕೂತು ಸರಿ ಮಾಡ್ತೇನೆ, ಒಂದು ನಿಮಿಷ...”

“ಸ್ಕ್ರೂಡ್ರೈವರ್ ಕೆಳಗಿಡಿ!” ಎಂದಳು ಶಶಿಪ್ರಭಾ. ನಮ್ಮ ಮದುವೆಯಾದ ಮೇಲೆ ಆ ಸ್ವರ ನಾನು ಕೇಳಿದ್ದು ಅದೇ ಮೊದಲು. “ನಾಲ್ಕೂ ಮನೆಗೆ ಒಟ್ಟಿಗೆ ಕೇಳ್ತದಾ?”

“ಕೇಳ್ತದೆ.”

“ಹಾಗಾದ್ರೆ ಒಳ್ಳೇದೇ ಆಯ್ತು.”

ಅಡುಗೆಮನೆಯ ಪೆಟ್ಟಿಗೆ ಕಿತ್ತು ತಂದು ಸ್ಟುಡಿಯೋದ ಪ್ಲಗ್ಗಿಗೆ ಹಾಕಿದಳು. ಗುಂಡಿ ಒತ್ತಿ, “ಸೈನಬಾ, ಮಗುವನ್ನು ಕರೆದುಕೊಂಡು ಬನ್ನಿ. ಸುಬ್ಬಕ್ಕಾ, ಕುಸುಮಾ, ನೀವಿಬ್ಬರೂ ಯಂತ್ರದ ಬಳಿಯಲ್ಲೇ ಇರಬೇಕು, ಎಲ್ಲಿಗೂ ಹೋಗಬಾರದು,” ಎಂದಳು. ಒಂದೇ ಮಾತಿಗೆ ಮೂರು ಮನೆ ಎದ್ದು ನಿಂತಿತು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಸೈನಬ ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ರವೂಫ್ ನಿದ್ದೆಯಿಂದ ಎಬ್ಬಿಸಿದ ಸಿಟ್ಟಿಗೆ ಊರಿಗೇ ಕೇಳುವ ಹಾಗೆ ಅಳುತ್ತಿದ್ದ. ಗಿಲಕಿ ಇಲ್ಲ, ಚಪ್ಪಾಳೆ ಇಲ್ಲ, ನನ್ನ ಬೆಕ್ಕಿಗಂತೂ ಮರ್ಯಾದೆಯೇ ಇಲ್ಲ.

“ಶಶಿಯಕ್ಕಾ, ಇವ ಇನ್ನು ನೋಡ್ಲಿಕ್ಕಿಲ್ಲ. ಬಿಡುವ, ನಮಗೆ ಹಣೆಯಲ್ಲಿ ಬರೆದದ್ದಿಲ್ಲ,” ಎಂದರು ಸೈನಬ.

“ಹಣೆಯದ್ದು ಆಮೇಲೆ ನೋಡುವ. ನೀವು ನೆಟ್ಟಗೆ ಕೂತುಕೊಳ್ಳಿ.”

ಶಶಿಪ್ರಭಾ ಪೆಟ್ಟಿಗೆಯನ್ನು ಕ್ಯಾಮೆರಾಕ್ಕೆ ತಾಗಿಸಿಯೇ ಒಂದು ಸ್ಟೂಲಿನ ಮೇಲಿಟ್ಟಳು. ಗುಂಡಿ ಒತ್ತಿ, “ಸುಬ್ಬಕ್ಕಾ, ಮಗುವಿನೊಡನೆ ಮಾತನಾಡಿ,” ಎಂದು ಹೇಳಿ ಗುಂಡಿ ಬಿಟ್ಟಳು. ಅತ್ತ ಸುಬ್ಬಮ್ಮ. ಹಾವು ಬಂದಾಗಲೇ ವ್ಯಾಕರಣ ಬಿಡದವರು ಮಗುವಿಗೆ ಬಿಡುತ್ತಾರಾ?

“ಅಬ್ದುಲ್ ರವೂಫರೇ, ನಮಸ್ಕಾರ. ತಾವು ದಯಮಾಡಿ ಅಳುವುದನ್ನು ನಿಲ್ಲಿಸಿ ಈ ಕಡೆ ನೋಡಬೇಕಾಗಿ ವಿನಂತಿ.”

ಅಳು ಟಪ್ಪನೆ ನಿಂತಿತು! ಮನುಷ್ಯರಿಲ್ಲದೆ ಮಾತಾಡುವ ಪೆಟ್ಟಿಗೆಯನ್ನು ರವೂಫ್ ದುರುಗುಟ್ಟಿ ನೋಡಿದ. ಕಣ್ಣು ಅಗಲ, ಬಾಯಿ ಗಪ್‌ಚುಪ್, ಮುಖ ನೆಟ್ಟಗೆ. ಅಷ್ಟರಲ್ಲಿ ಕುಸುಮಳ ಸ್ವರವೂ ಬಂತು. “ನಾನೂ ಇದ್ದೇನೆ ರವೂಫರೇ!” ಮಗುವಿನ ಹುಬ್ಬು ಮೇಲೇರಿತು. ಪಕ್ಕದಲ್ಲಿ ಸೈನಬರ ಮುಖದಲ್ಲೂ ಮೊದಲ ಸಲ ಬೆಳಕು. ನಾನು ಶಟರ್ ಒತ್ತಿದೆ. ಆ ಫ್ರೇಮಿಗೆ ಸಮನಾದದ್ದನ್ನು ನಾನು ಅದಕ್ಕೆ ಮೊದಲೂ ತೆಗೆದಿಲ್ಲ, ಆಮೇಲೂ ತೆಗೆದಿಲ್ಲ.

ಇನ್ನು ತೊಳೆಯುವ ಕೆಲಸ. ನಾನು ಹಾಳು ಮಾಡಿದ್ದನ್ನೇ ಹಿಡಿದು ಕೆಲಸ ಸಾಧಿಸಿದ ಹೆಂಡತಿಯ ಎದುರು ಶಾಲೆ ಹುಡುಗನ ಹಾಗೆ ಕೈಕಟ್ಟಿ ನಿಂತೆ.

“ಇನ್ನು ಯಾರು ‘ಕೇಳಿತಾ’ ಅಂದ್ರೂ ಬಾಗಿಲು ತೆಗೀಬೇಡಿ,” ಎಂದಳು. “ಫಿಲ್ಮು ತೊಳೆದು, ಪ್ರಿಂಟು ಹಾಕಿ, ಎಷ್ಟಾಗ್ತದೋ ಅಷ್ಟು ಮಾಡಿ. ನಾನು ಇಲ್ಲಿಂದ ರಸ್ತೆ ನೋಡ್ತಾ ಇರ್ತೇನೆ. ಉಜಿರೆ ಕಡೆಯಿಂದ ಬಸ್ಸು ಕಂಡ ಕೂಡಲೇ ಕರೀತೇನೆ. ಆಗ ಹೊರಗೆ ಬಂದ್ರೆ ಸಾಕು.”

“ನೀನು ಕರೆದದ್ದು ಅಂತ ನನಗೆ ಗೊತ್ತಾಗುವುದು ಹೇಗೆ?”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಹೆಸರು ಹಿಡಿದು ಕರೀತೇನೆ. ನಿಮ್ಮ ಹೆಸರು ಹಿಡಿದು ಕರೆಯುವ ಹೆಂಗಸು ಈ ತಾಲೂಕಿನಲ್ಲಿ ಬೇರೆ ಯಾರೂ ಇಲ್ಲ.”

“ನನ್ನ ಆಯುಷ್ಯ?”

“ಈ ಫೋಟೋನೂ ಹಾಳಾದ್ರೆ ಸಲಾಂ ಭಾಯಿ ಹೇಗೂ ನಿಮ್ಮನ್ನು ಉಳಿಸ್ಲಿಕ್ಕಿಲ್ಲ. ಹೋಗಿ ಒಳಗೆ!”

ಹೋದೆ. ಕತ್ತಲೆಯಲ್ಲಿ ಫಿಲ್ಮು ತೊಳೆಯುತ್ತಿದ್ದಾಗ ಪೆಟ್ಟಿಗೆ ಮಾತಾಡಿತು. “ಕೇಳಿತಾ? ಹಿಟ್ಟಿನ ಗಿರಾಕಿಗಳು ಮನೆಗೇ ಬಂದಿದ್ದಾರೆ, ಕೂಡಲೇ ಬನ್ನಿ.” ನಾನು ಅಲುಗಲಿಲ್ಲ. ಚಿತ್ರವನ್ನು ಗಟ್ಟಿ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ಅದ್ದಿ, ಕೆಂಪು ದೀಪ ಹಾಕಿ ನೋಡಿದೆ. ಇತ್ತು! ತಾಯಿ, ಮಗು, ಎರಡು ಜೋಡಿ ಕಣ್ಣು. ಪ್ರಿಂಟು ಹಾಕತೊಡಗಿದೆ. “ಕೇಳಿತಾ? ಹಾವು ಮತ್ತೆ ಬಂದಿರುತ್ತದೆ!” ಬರಲಿ, ಬಾಳೆಲೆ ಹಾಕಿ ಊಟ ಬಡಿಸಲಿ, ನಾನು ಹೋಗುವುದಿಲ್ಲ. ಕಾಗದದ ಮೇಲೆ ರವೂಫ್ ಮೆಲ್ಲ ಮೆಲ್ಲನೆ ಮೂಡುತ್ತಿದ್ದ.

ಆಗ ಬಂತು.

“ಮುಂಡಪ್ಪ!”

ಹೌದು, ನನ್ನ ಹೆಸರು ಮುಂಡಪ್ಪ. ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ಸ್ಟುಡಿಯೋದ ಬೋರ್ಡಿನಲ್ಲಿ ಎಂ. ಶೆಟ್ಟಿ ಎಂದಿತ್ತು. ಅದನ್ನು ಮನೋಹರ ಎಂದು ತಿಳಿದವರನ್ನು ನಾನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಅಜ್ಜನಿಂದ ಬಂದ ಆ ಹೆಸರು ನನಗೆ ಎಂದೂ ಹಿಡಿಸಿರಲಿಲ್ಲ. ಆದರೆ ಆ ಹೊತ್ತು, ಆ ಕೆಂಪು ಬೆಳಕಿನಲ್ಲಿ, ಆ ಮೂಗಿನ ಸ್ವರದಲ್ಲಿ ಅದು ಎಷ್ಟು ಚೆಂದ ಕೇಳಿತು! ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ನಾನು ಕೈಯಲ್ಲಿ ಇಕ್ಕುಳ ಹಿಡಿದುಕೊಂಡು ಕಂಬದ ಹಾಗೆ ನಿಂತುಬಿಟ್ಟೆ.

ಪೆಟ್ಟಿಗೆ ಸಿಡಿಯಿತು. ಶಾಲೆಯ ಕನ್ನಡವೂ ಹೋಯಿತು, ಬಹುವಚನವೂ ಹೋಯಿತು.

“ಏ ಮುಂಡಪ್ಪಾ! ಕಿವಿ ಕೇಳುವುದಿಲ್ವಾ ಮಾರಾಯಾ? ಬಸ್ಸು ಬಂತು! ಬಾಗಿಲು ತೆಗಿ!”

ನಾಲ್ಕು ಮನೆಗೆ! ಒಟ್ಟಿಗೆ! ಸ್ಪಷ್ಟವಾಗಿ!

ಒದ್ದೆ ಪ್ರಿಂಟುಗಳನ್ನು ಪೇಪರಿನ ಮೇಲೆ ಹರಡಿಕೊಂಡು ಓಡಿದೆ. ಬಸ್ಸಿನ ಎದುರು ಅಣ್ಣು ಹಿಟ್ಟಿನ ಮೈಯಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಡ್ರೈವರ್ ಹಾರ್ನ್ ಹಾಕುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದ. ಸಲಾಂ ಫೋಟೋಗಳನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡರು. ಒಮ್ಮೆ ನೋಡಿದರು. ನನ್ನ ಭುಜ ಗಟ್ಟಿಯಾಗಿ ಹಿಡಿದರು. ಬಸ್ಸು ಹೊರಟಿತು. ಕಿಟಕಿಯಿಂದ ಕೈ ಹೊರಗೆ ಹಾಕಿ, ಹೆಂಡತಿ ಮಗುವನ್ನು ಗಾಳಿಗೆ ಒಣಗಿಸುತ್ತಾ ಸಲಾಂ ಬೆಳ್ತಂಗಡಿ ಕಡೆಗೆ ಹೋದರು.

ಒಳಗೆ ಬಂದರೆ ಪೆಟ್ಟಿಗೆಯಲ್ಲಿ ಮಾಸ್ಟ್ರ ಸ್ವರ. ಅವರು ತಮ್ಮದನ್ನು ಆನ್ ಮಾಡಿದ್ದಕ್ಕೂ ಶಶಿಪ್ರಭಾ ಕೂಗಿದ್ದಕ್ಕೂ ಸರಿಹೋಗಿತ್ತಂತೆ. “ಯಾರು ಈ ಮುಂಡಪ್ಪ ಎಂಬವರು? ಹೊಸದಾಗಿ ಬಾಡಿಗೆಗೆ ಬಂದವರೇ?”

ಮಳೆಗಾಲ ಕಳೆದು ಸೈನಬ ಮಗುವಿನೊಡನೆ ವಿಮಾನ ಹತ್ತಿದರು. ಫ್ರೀಕ್ವೆನ್ಸಿ ಸರಿ ಮಾಡಿಕೊಡುತ್ತೇನೆ ಎಂದು ನಾನು ಎಷ್ಟು ಸಲ ಹೇಳಿದರೂ ಉಳಿದ ಮೂರು ಮನೆಯ ಹೆಂಗಸರು ಒಪ್ಪಲಿಲ್ಲ. ಅವರಿಗೆ ಹೀಗೆ ಇದ್ದದ್ದೇ ಅನುಕೂಲವಾಗಿತ್ತು. ಶಶಿಪ್ರಭಾ ಒಂದು ನಿಯಮವನ್ನೂ ಮಾಡಿದಳು. ‘ಸ್ಟುಡಿಯೋದವರೇ’, ‘ಮಿಲ್ಲಿನವರೇ’, ‘ಮಾಳಿಗೆಯವರೇ’ ಎಂದು ಕರೆದರೆ ಆಯಿತು, ಯಾರ ಆಯುಷ್ಯಕ್ಕೂ ತೊಂದರೆಯಿಲ್ಲ. ಒಂದು ಸುತ್ತೂ ತಿರುಗಿಸದೆ, ಒಂದು ಸ್ಕ್ರೂ ಮುಟ್ಟದೆ ಮೂರು ಮನೆಗೆ ಮೂರು ದಾರಿ ಮಾಡಿದಳು ನನ್ನ ಹೆಂಡತಿ. ಹೆಮ್ಮೆಯಿಂದ ಹೇಳುತ್ತೇನೆ, ಇಂಥವಳು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ.

ಆದರೆ ಒಂದು ಕೊರಗು ಉಳಿಯಿತು. ಆಮೇಲೆ ಅವಳು ನನ್ನ ಹೆಸರು ಹಿಡಿಯಲೇ ಇಲ್ಲ. ನನಗೋ ಆ ಸ್ವರ ಕಿವಿಯಿಂದ ಹೋಗುತ್ತಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

“ಶಶಿ, ಅವತ್ತಿನ ಹಾಗೆ ಇನ್ನೊಂದು ಸಲ ನನ್ನ ಹೆಸರು ಹಿಡಿದು ಕರಿ ಮಾರಾಯ್ತಿ. ಒಂದೇ ಸಲ.”

ಅವಳು ಸಾರಿನ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ಮುಖ ಕೆಂಪಾಯಿತು. ನಾನು ಉಸಿರು ಹಿಡಿದು ಕಾದೆ.

“ಅದಕ್ಕೆಂತ, ಕರೀತೇನೆ,” ಎಂದಳು. “ಮೊದಲು ಇನ್ನೊಂದು ಫಿಲ್ಮು ಹಾಳು ಮಾಡಿ.”